ಹಂದರದ ನಾಲ್ಕನೆಯ ಮೂಲೆ

ಹೋದ ವಾರ ಸಂಡೂರಿನಿಂದ ಕಂಪ್ಲಿಗೆ ಹೊರಟಾಗ ನನ್ನ ತೊಡೆಯ ಮೇಲೆ ಒಂದು ಹಗ್ಗದ ಸುರುಳಿ ಇತ್ತು. ಪುಂಡಿ ನಾರಿನ ಹಗ್ಗ. ಪುಂಡಿ ಅಂದರೆ ನೀವು ಪಲ್ಯ ಮಾಡಿಕೊಂಡು ರೊಟ್ಟಿಯ ಜೊತೆ ತಿನ್ನುವ ಅದೇ ಹುಳಿ ಸೊಪ್ಪಿನ ಗಿಡ. ಎಲೆ ನಮ್ಮ ಹೊಟ್ಟೆಗೆ, ಕಡ್ಡಿಯ ನಾರು ಹಗ್ಗಕ್ಕೆ. ಹೊಸ ಪುಂಡಿ ಹಗ್ಗಕ್ಕೆ ಒಂದು ವಾಸನೆ ಇರುತ್ತದೆ: ನೀರಲ್ಲಿ ಕೊಳೆಹಾಕಿದ ಕಡ್ಡಿಯ ವಾಸನೆ, ಅದರ ಮೇಲೆ ಬಿಸಿಲಿನ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಎರಡು ಸಲ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಮೂರನೆಯ ಸಲ ಕಿಟಕಿಯ ಗಾಜು ಸರಿಸಿದಳು. ನನಗೆ ಮಾತ್ರ ಅದನ್ನು ಮೂಗಿಗೆ ಹಿಡಿದುಕೊಂಡೇ ಕೂರಬೇಕು ಅನ್ನಿಸುತ್ತಿತ್ತು. ವಯಸ್ಸು ಐವತ್ತೆಂಟು, ಕಾಲ ಬಳಿ ರೇಷ್ಮೆ ಸೀರೆಯ ಚೀಲ, ಕೈಯಲ್ಲಿ ಮೂಸುತ್ತಿರುವ ಹಗ್ಗ. ಕಂಡಕ್ಟರ್ ಟಿಕೆಟ್ ಕೊಡುವಾಗ ಒಂದು ಹೆಜ್ಜೆ ದೂರವೇ ನಿಂತಿದ್ದ.

ಹಗ್ಗ ತರಲು ಹೇಳಿದ್ದು ಪಂಪಾಪತಿ ಮಾವ, ನಮ್ಮವ್ವನ ತಮ್ಮ. ಕಂಪ್ಲಿಯ ಹಳೆಯ ಮನೆಯಲ್ಲಿ ಅವನ ಮೊಮ್ಮಗಳ ಮದುವೆ. ಅಂಗಳದ ಹಂದರಕ್ಕೆ ಕಬ್ಬಿಣದ ಪೈಪಿನವರಿಗೆ ಹೇಳಿಯಾಗಿತ್ತು. ಆದರೂ ತನ್ನ ಅಪ್ಪನ ಹೆಸರಿಗೆ ಒಂದು ಮೂಲೆಯಾದರೂ ಮರದ ಕಂಬ ನೆಟ್ಟು ಹಗ್ಗದಲ್ಲೇ ಕಟ್ಟಿಸಬೇಕು ಅಂತ ಮಾವನ ಆಸೆ. ಕಂಪ್ಲಿಯಲ್ಲಿ ಹುಡುಕಿದರೆ ಎಲ್ಲ ಕಡೆ ನೀಲಿ ಪ್ಲಾಸ್ಟಿಕ್ ಹಗ್ಗವೇ ಸಿಕ್ಕಿತಂತೆ. ಸಂಡೂರಿನ ಸಂತೆಯಲ್ಲಿ ಪುಂಡಿ ಹಗ್ಗ ಇನ್ನೂ ಸಿಗುತ್ತದೆ, ತಗೊಂಡು ಬಾ ಅಂದ. ಯಾವ ಮೂಲೆ ಮಾವ ಅಂತ ಕೇಳಿದೆ. ಬೇವಿನ ಗಿಡದ ಕಡೆಯದು ಅಂದ. ಆ ಮೂಲೆಗೂ ನನಗೂ ನಲವತ್ತೇಳು ವರ್ಷದ ಲೆಕ್ಕ ಬಾಕಿ ಇತ್ತು.

ಅದನ್ನು ಹೇಳಬೇಕಾದರೆ ಮೊದಲು ನಮ್ಮ ತಾತನನ್ನು ನಿಮಗೆ ಪರಿಚಯ ಮಾಡಿಸಬೇಕು. ಅವ್ವನ ಅಪ್ಪ. ಊರಲ್ಲಿ ಮಿಲ್ಟ್ರಿ ದೊಡ್ಡಬಸಪ್ಪ ಅಂದರೆ ಕೋಟೆಯಿಂದ ಹೊಳೆಯ ತನಕ ಎಲ್ಲರಿಗೂ ಗೊತ್ತು. ಹೊಳೆದಂಡೆಯಲ್ಲಿ ಬೆಳೆದವನು, ಹರಿಗೋಲಿನವರ ಜೊತೆ ಆಡುತ್ತ ಈಜು ಕಲಿತವನು, ಹಗ್ಗ ಹೊಸೆಯುವುದನ್ನೂ ಅವರಿಂದಲೇ ಕಲಿತವನು. ಸೈನ್ಯಕ್ಕೆ ಸೇರಲು ಹೋದಾಗ ಅಲ್ಲಿಯವರು ಏನು ಬರುತ್ತದೆ ಅಂತ ಕೇಳಿದರಂತೆ. ಓದು ಅಷ್ಟಕ್ಕಷ್ಟೆ, ಆದರೆ ನೀರಲ್ಲಿ ನಿಂತು ಗಂಟು ಹಾಕಲು ಬರುತ್ತದೆ ಅಂದನಂತೆ. ಸೇತುವೆ ಕಟ್ಟುವ ದಳಕ್ಕೆ ಹಾಕಿದರು. ಇಪ್ಪತ್ತೆರಡು ವರ್ಷ ಎಲ್ಲೆಲ್ಲೋ ಹೊಳೆಗಳ ಮೇಲೆ ಸೇತುವೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, ಎರಡು ಯುದ್ಧ ನೋಡಿ ಹವಾಲ್ದಾರನಾಗಿ ಊರಿಗೆ ಬಂದ. ಯುದ್ಧದ ಕಥೆ ಹೇಳು ಅಂದರೆ ತಾತ ಸೇತುವೆಯ ಕಥೆ ಹೇಳುತ್ತಿದ್ದ. ಗುಂಡು, ಬಾಂಬು ಏನೂ ಬರುತ್ತಿರಲಿಲ್ಲ. ನೀರು ಎಷ್ಟು ತಣ್ಣಗಿತ್ತು, ಹಗ್ಗ ಎಷ್ಟು ದಪ್ಪ ಇತ್ತು, ಮೊದಲ ಲಾರಿ ದಾಟುವಾಗ ಕಟ್ಟಿದವರೆಲ್ಲ ಅದರ ಪಕ್ಕದಲ್ಲೇ ನೀರಿಗಿಳಿದು ಹೇಗೆ ನಿಲ್ಲಬೇಕಿತ್ತು, ಇಷ್ಟೇ. ನಾವು ಮಕ್ಕಳು ಅರ್ಧಕ್ಕೇ ಎದ್ದು ಹೋಗುತ್ತಿದ್ದೆವು.

ಊರಿಗೆ ಬಂದ ತಾತ ಸೇತುವೆ ಇಲ್ಲದ್ದಕ್ಕೆ ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಕಟ್ಟತೊಡಗಿದ. ಹೊರಸು ಮಂಚದ ಹಗ್ಗ ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟುವುದು. ನಮ್ಮ ಶಾಲೆಯ ಚೀಲಗಳಿಗೆ ಹಗ್ಗ. ಹಾಲಿನ ಪಾತ್ರೆಯ ಮುಚ್ಚಳ ಬೆಕ್ಕು ತೆಗೆಯದಂತೆ ಹಗ್ಗ. ಆ ಮುಚ್ಚಳವನ್ನು ಬೆಕ್ಕೇನು, ಅಜ್ಜಿಯೂ ತೆಗೆಯಲಾಗದೆ ಬೆಳಗಿನ ಚಹಾಕ್ಕೆ ತಾತ ಹೊಳೆಯಿಂದ ಸ್ನಾನ ಮುಗಿಸಿ ಬರುವ ತನಕ ಕಾಯಬೇಕಾಗುತ್ತಿತ್ತು. ಅಜ್ಜಿ ಬಂದವರ ಮುಂದೆ ಹೇಳುತ್ತಿದ್ದಳು: "ನನ್ನ ತಾಳಿಗೂ ಇವ್ರು ಅದ ಗಂಟು ಹಾಕ್ಯಾರ. ಇಲ್ಲಾಂದ್ರ ನಾ ಯಾವಾಗೋ ತವರಮನಿಗೆ ಹೋಗ್ತಿದ್ದೆ." ತಾತ ಇದನ್ನು ಹೊಗಳಿಕೆ ಅಂತಲೇ ತಗೊಂಡು ಮೀಸೆಯ ಮೇಲೆ ಕೈಯಾಡಿಸುತ್ತಿದ್ದ.

ಆದರೆ ತಾತನ ನಿಜವಾದ ಹೆಮ್ಮೆ ಹಂದರ. ಆಗಿನ ಹಂದರ ಅಂದರೆ ನಾಲ್ಕು ಮೂಲೆಗೆ ನಾಲ್ಕು ಕಂಬ, ಮೇಲೆ ಅಡ್ಡ ಗಳಗಳು, ಅದರ ಮೇಲೆ ತೆಂಗಿನ ಗರಿ, ಕಬ್ಬಿನ ಸೋಗೆ. ಕಂಪ್ಲಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಮೊದಲು ತಾತನಿಗೆ ಹೇಳಿ ಕಳಿಸುತ್ತಿದ್ದರು. ಹಣ ತಗೊಳ್ಳುತ್ತಿರಲಿಲ್ಲ. ಎಲೆಯಡಿಕೆ, ತೆಂಗಿನಕಾಯಿ, ಒಂದು ಟವೆಲು, ಅಷ್ಟೇ. ಹಿಂದಿನ ದಿನವೇ ಪುಂಡಿ ಹಗ್ಗವನ್ನು ನೀರಲ್ಲಿ ನೆನೆಹಾಕುವನು. ನೆನೆದ ಹಗ್ಗ ಮೆತ್ತಗಾಗಿ ಕೈಯ ಮಾತು ಕೇಳುತ್ತದೆ. ಬೆಳಿಗ್ಗೆ ಖಾಕಿ ಅಂಗಿ ತೊಟ್ಟು, ಪಂಚೆ ಎತ್ತಿ ಕಟ್ಟಿ, ಏಣಿ ಹತ್ತುವನು. ಗಂಟಿಗೆ ನಾಲ್ಕು ಹಂತ. ಸೈನ್ಯದಲ್ಲಿ ಕಲಿತದ್ದಾದ್ದರಿಂದ ನಾಲ್ಕನ್ನೂ ಹಿಂದಿಯಲ್ಲೇ ಹೇಳುತ್ತಿದ್ದ: ಪಕಡ್, ಚಾರ್, ಗಲಾ, ತಾಲಾ. ಮೊದಲು ಕಂಬವನ್ನು ಹಗ್ಗ ಹಿಡಿಯಬೇಕು. ಆಮೇಲೆ ಕಂಬಕ್ಕೂ ಗಳಕ್ಕೂ ಸೇರಿಸಿ ನಾಲ್ಕು ಸುತ್ತು. ಆಮೇಲೆ ಎರಡರ ನಡುವೆ ಕುತ್ತಿಗೆ ಹಿಸುಕಿದ ಹಾಗೆ ಬಿಗಿಯಾಗಿ ಎರಡು ಸುತ್ತು. ಕೊನೆಗೆ ಬೀಗ ಹಾಕಿದ ಹಾಗೆ ಒಂದು ಗಂಟು. ನಾವು ಮೊಮ್ಮಕ್ಕಳು ಮಗ್ಗಿಗಿಂತ ಮೊದಲು ಇದನ್ನು ಕಲಿತಿದ್ದೆವು.

ಕಟ್ಟಿ ಮುಗಿದ ಮೇಲೆ ಎರಡು ನಿಯಮ. ಒಂದು, ತಾತ ಪ್ರತಿ ಮೂಲೆಯ ಹತ್ತಿರ ಹೋಗಿ, ಗಳವನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮಡಚಿ ಪೂರ್ತಿ ಭಾರ ಬಿಟ್ಟು ಜೋತಾಡುವನು. ಇದಕ್ಕೆ ತೂಗಿ ನೋಡುವುದು ಅಂತ ಹೆಸರು. ದೊಡ್ಡ ಮೀಸೆಯ ಮನುಷ್ಯ ಮಂಗನ ಹಾಗೆ ಜೋತಾಡುವುದನ್ನು ನೋಡಲು ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ಎರಡನೆಯದು, ಯಾರು ಯಾವ ಮೂಲೆ ಕಟ್ಟಿದರೋ ಅವರು ಮದುವೆಯ ಮೊದಲ ಪಂಕ್ತಿಯಲ್ಲಿ ಅದೇ ಮೂಲೆಯ ಕೆಳಗೆ ಊಟಕ್ಕೆ ಕೂರಬೇಕು. ನೀರಲ್ಲಿ ನಿಂತು ಲಾರಿ ದಾಟಿಸಿದ ಪದ್ಧತಿಯನ್ನು ತಾತ ಹೋಳಿಗೆ ಊಟಕ್ಕೆ ಹೀಗೆ ಒಗ್ಗಿಸಿಕೊಂಡಿದ್ದ. ತಾನು ಕಟ್ಟಿದ್ದು ತಾನಾಗಿ ಬಿಚ್ಚಿಕೊಂಡಿಲ್ಲ ಅನ್ನುವುದು ಅವನ ಒಂದೇ ಒಂದು ಜಂಬ. ಟ್ರಂಕಿನಲ್ಲಿದ್ದ ಪದಕಗಳನ್ನು ನಾವು ಕೇಳಿದರೂ ತೋರಿಸುತ್ತಿರಲಿಲ್ಲ, ಹಂದರದ ಗಂಟನ್ನು ಕೇಳದಿದ್ದರೂ ತೋರಿಸುತ್ತಿದ್ದ.

ನಡುವೆ ಒಂದು ಮಾತು. ತಾತನ ಜೊತೆ ಹಂಪಿಗೆ ಹೋಗುವುದು ಬೇರೆಯದೇ ಅನುಭವ. ಬೇರೆಯವರು ವಿರೂಪಾಕ್ಷನಿಗೆ ಕೈಮುಗಿದು, ರಥದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ತಾತ ನಮ್ಮನ್ನೆಲ್ಲ ಹೊಳೆಯ ಕಡೆ ನಡೆಸಿಕೊಂಡು ಹೋಗಿ, ನೀರಲ್ಲಿ ಸಾಲಾಗಿ ನಿಂತ ಹಳೆಯ ಸೇತುವೆಯ ಕಲ್ಲುಕಂಬಗಳನ್ನು ತೋರಿಸಿ, ಇಷ್ಟು ಹತ್ತಿರ ಹತ್ತಿರ ಕಂಬ ನೆಟ್ಟರೆ ನೀರಿಗೆ ದಾರಿ ಎಲ್ಲಿ ಅಂತ ರಾಜರ ಕಾಲದಲ್ಲಿ ಅದನ್ನು ಕಟ್ಟಿದವರನ್ನು ತರಾಟೆಗೆ ತಗೊಳ್ಳುತ್ತಿದ್ದ. ಒಮ್ಮೆ ಬಜಾರಿನ ಹಿಂದೆ ಒಬ್ಬ ಬಿಳಿಯ ಪ್ರವಾಸಿ ಎರಡು ಮರದ ನಡುವೆ ಜೋಲಿ ಕಟ್ಟಿಕೊಂಡು ಮಲಗಿದ್ದ. ಗಂಟು ಸಡಿಲ ಇತ್ತು. ತಾತನಿಗೆ ತಡೆಯಲಾಗಲಿಲ್ಲ. ಅವನನ್ನು ಎಬ್ಬಿಸಿ ನಿಲ್ಲಿಸಿ, ಜೋಲಿ ಬಿಚ್ಚಿ, ಪಕಡ್ ಚಾರ್ ಅನ್ನುತ್ತ ಮತ್ತೆ ಕಟ್ಟಿ, ತಾನು ಒಂದು ಸಲ ಜೋತಾಡಿ ನೋಡಿ, ಮಲಗು ಅಂತ ಕೈಸನ್ನೆ ಮಾಡಿದ. ಸಂಜೆ ನಾವು ವಾಪಸು ಬರುವಾಗಲೂ ಆ ಮನುಷ್ಯ ಗೊರಕೆ ಹೊಡೆಯುತ್ತಿದ್ದ. ತಾತನಿಗೆ ಆ ದಿನ ದೇವರ ದರ್ಶನಕ್ಕಿಂತ ಅದೇ ಹೆಚ್ಚಿನ ಸಂತೋಷ ಕೊಟ್ಟಿತು.

ಇನ್ನು ಆ ಮೂಲೆಯ ವಿಷಯ. ಅದನ್ನು ಮುಂದಕ್ಕೆ ತಳ್ಳುತ್ತಲೇ ಇದ್ದೇನೆ ಅಂತ ನಿಮಗೂ ಗೊತ್ತಾಗಿರಬೇಕು. ನಾನು ಹನ್ನೊಂದು ವರ್ಷದವಳಿದ್ದಾಗ ಹುಲಿಗೆಮ್ಮ ಚಿಗವ್ವನ ಮದುವೆ. ಅವ್ವನ ಕೊನೆಯ ತಂಗಿ, ತಾತನ ಮುದ್ದಿನ ಮಗಳು. ಕುರೆಕುಪ್ಪದ ಗಂಡು. ನಾವು ಹೊಸಪೇಟೆಯಿಂದ ವಾರಕ್ಕೆ ಮೊದಲೇ ಬಂದಿದ್ದೆವು. ಹಂದರ ಹಾಕುವ ದಿನ ತಾತ ಮೂರು ಮೂಲೆ ತಾನು ಕಟ್ಟಿದ. ನಾಲ್ಕನೆಯದಕ್ಕೆ ಏಣಿ ಸರಿಸಿ, ಎಲ್ಲರ ಮುಂದೆ ನನ್ನನ್ನು ಕರೆದ. ಮೊಮ್ಮಕ್ಕಳಲ್ಲಿ ನನ್ನ ಕೈಯೇ ಚುರುಕು ಅಂತ ಅವನ ಅಭಿಪ್ರಾಯ. ನಾನು ಲಂಗ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿದೆ. ಅಷ್ಟು ಎತ್ತರದಿಂದ ನನ್ನ ಅಕ್ಕತಂಗಿಯರ ನೆತ್ತಿ ಕಾಣುತ್ತಿತ್ತು. ಜನ್ಮದಲ್ಲಿ ಅಷ್ಟು ಜಂಬ ಮತ್ತೆ ಬಂದಿಲ್ಲ.

ಪಕಡ್ ಆಯಿತು. ಚಾರ್ ಆಯಿತು. ಗಲಾ ಎರಡು ಸುತ್ತು ಹಾಕಿ ಹಲ್ಲು ಕಚ್ಚಿ ಎಳೆದೆ. ಇನ್ನು ತಾಲಾ ಒಂದೇ ಬಾಕಿ. ಅಷ್ಟರಲ್ಲಿ ಬಳೆಗಾರ ಬಂದ. ಮದುವೆಯ ಹಸಿರು ಬಳೆ ತೊಡಿಸಲು ಅಂಗಳದ ಆ ತುದಿಯಲ್ಲಿ ತನ್ನ ಮೂಟೆ ಬಿಚ್ಚಿ ಕೂತ. ಮನೆಯ ಹುಡುಗಿಯರೆಲ್ಲ ಓಡಿದರು. ನನ್ನ ಕೈ ತೀರ ಸಣ್ಣದು. ನನ್ನ ಅಳತೆಯ ಬಳೆ ಯಾವಾಗಲೂ ಮೊದಲು ಖಾಲಿಯಾಗುತ್ತಿತ್ತು. ತಾಲಾ ಗಂಟಿಗೆ ಹಗ್ಗದ ತುದಿಯನ್ನು ಒಳಗಿಂದ ತಂದು, ಎರಡು ಸಲ ಸುತ್ತಿ, ಎಳೆದು ಕೂರಿಸಬೇಕು. ನನಗೆ ಅಷ್ಟು ಪುರುಸೊತ್ತು ಇರಲಿಲ್ಲ. ದಿನಾ ಬೆಳಿಗ್ಗೆ ಜಡೆಗೆ ಟೇಪು ಕಟ್ಟುತ್ತಿದ್ದೆನಲ್ಲ, ಹೂವಿನ ಹಾಗೆ ಎರಡು ಕಿವಿ ಬಿಟ್ಟು, ಅದೇ ಗಂಟು ಹಾಕಿದೆ. ಕಿವಿಗಳನ್ನು ಸುತ್ತುಗಳ ಸಂದಿಗೆ ತುರುಕಿದೆ. ಏಣಿಯಿಂದ ಹಾರಿ ಓಡಿದೆ. ಬಳೆ ಸಿಕ್ಕಿತು, ಕೈಗೆ ಹನ್ನೆರಡು.

ಮಧ್ಯಾಹ್ನ ತಾತ ತೂಗಿ ನೋಡಲು ಬಂದ. ಮೂರು ಮೂಲೆಯಲ್ಲಿ ಜೋತಾಡಿದ. ನಾಲ್ಕನೆಯದರ ಹತ್ತಿರ ಬಂದು ನನ್ನನ್ನು ನೋಡಿದ.

"ತಾಲಾ ಹಾಕೀಯೇನವ್ವಾ?"

"ಹಾಕೀನಿ ತಾತಾ" ಅಂದೆ.

ತಾತ ಎತ್ತಿದ್ದ ಕೈ ಇಳಿಸಿದ. ಸುತ್ತ ನಿಂತವರ ಕಡೆ ತಿರುಗಿ, "ಇದನ್ನ ನನ್ನ ಮೊಮ್ಮಗಳು ಕಟ್ಟ್ಯಾಳ. ತೂಗೂದು ಬ್ಯಾಡ" ಅಂದ. ಬೆನ್ನು ತಟ್ಟಿದ. ನಾನು ಬಳೆ ಗಲ್ ಅನ್ನಿಸುತ್ತ ನಕ್ಕೆ. ರಾತ್ರಿ ಮಲಗಿದಾಗ ನೆನಪಾಯಿತು, ಬೆಳಿಗ್ಗೆ ಎದ್ದು ಸರಿ ಮಾಡೋಣ ಅಂದುಕೊಂಡೆ. ಬೆಳಿಗ್ಗೆ ಎಣ್ಣೆ, ಅರಿಶಿನ, ವಾಲಗ. ಮದುವೆ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗಿಗೆ ಏಣಿ ಎಲ್ಲಿಂದ ಸಿಗಬೇಕು? ಇದು ನೆಪ ಅಂತ ನನಗೂ ಗೊತ್ತು, ನೀವೂ ಒಪ್ಪಬೇಡಿ.

ಮೊದಲ ಪಂಕ್ತಿಗೆ ಎಲೆ ಹಾಕಿದಾಗ ನಾನು ನಿಯಮದ ಪ್ರಕಾರ ಬೇವಿನ ಗಿಡದ ಕಡೆಯ ಮೂಲೆಯಲ್ಲಿ ಕೂರಬೇಕಿತ್ತು. ನಾನು ಅಡುಗೆಮನೆಗೆ ಹೋಗಿ ಅವ್ವನ ಸೆರಗು ಹಿಡಿದು ನಿಂತೆ. ನನ್ನ ಜಾಗದಲ್ಲಿ ಕೂತದ್ದು ಗಂಡಿನ ದೊಡ್ಡಪ್ಪ, ಕುರೆಕುಪ್ಪದ ಭಾರಿ ಮನುಷ್ಯ. ಯಾರೋ ನನ್ನ ಹಗ್ಗದ ತುದಿಗೆ ಮಾವಿನ ತೋರಣ ಕಟ್ಟಿದ್ದರು. ಓಣಿಯ ಒಂದು ಹೋತ ಹಿಂಗಾಲ ಮೇಲೆ ನಿಂತು ಆ ತೋರಣಕ್ಕೆ ಬಾಯಿ ಹಾಕಿ ಎಳೆಯಿತು. ಟೇಪಿನ ಗಂಟು ಎಳೆದರೆ ಏನಾಗುತ್ತದೆ ಅಂತ ಜಡೆ ಇರುವವರಿಗೆಲ್ಲ ಗೊತ್ತು. ಕಿವಿ ಬಿಚ್ಚಿತು, ಗಲಾ ಬಿಚ್ಚಿತು, ಸುತ್ತುಗಳು ಒಂದೊಂದಾಗಿ ಸಡಿಲವಾದವು. ಉಳಿದ ಮೂರು ಮೂಲೆ ತಾತನದ್ದಾದ್ದರಿಂದ ಹಂದರ ಧೊಪ್ಪನೆ ಬೀಳಲಿಲ್ಲ. ಒಂದು ಕಡೆಯಿಂದ ನಿಧಾನವಾಗಿ, ಬೇಕಾದಷ್ಟು ಸಮಯ ತಗೊಂಡು ಇಳಿಯಿತು. ಎಲ್ಲರೂ ಎದ್ದು ಸರಿದರು. ದೊಡ್ಡಪ್ಪನವರಿಗೆ ಏಳಲು ಆಗಲಿಲ್ಲ. ಗರಿಗಳು ಅವರನ್ನು ಪೂರ್ತಿ ಮುಚ್ಚಿದವು.

ಒಂದು ಕ್ಷಣ ವಾಲಗವೂ ನಿಂತಿತು. ಆಮೇಲೆ ಗರಿಗಳ ರಾಶಿಯ ಒಳಗಿಂದ ಒಂದು ಕೈ ಹೊರಗೆ ಬಂತು, ಅದರ ಹಿಂದೆ ಒಂದು ದನಿ: "ಹೋಳಿಗಿ ಆತು, ತುಪ್ಪ ಎಲ್ಲೈತ್ರಿ?"

ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ. ಮದುವೆಯ ಹಂದರ ಬೀಳುವುದೆಂದರೆ ಏನು ಅಂತ ಬೀಗರ ಕಡೆಯ ಮುದುಕಿಯರು ಆಗಲೇ ಒಬ್ಬರ ಕಿವಿಗೊಬ್ಬರು ಬಾಗಿದ್ದರು. ಚಿಗವ್ವನ ಮುಖ ಬಿಳಿಚಿತ್ತು. ತಾತ ಓಡಿ ಬಂದು ಹಗ್ಗದ ತುದಿ ಎತ್ತಿ ಹಿಡಿದ. ನೆನೆದ ಹಗ್ಗಕ್ಕೆ ಗಂಟಿನ ಆಕಾರ ಕೂತಿರುತ್ತದೆ. ಬಿಚ್ಚಿದರೂ ಎರಡು ಕಿವಿಯ ಮಡಿಕೆ ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ತಾತ ಅದನ್ನು ನೋಡಿದ. ತಲೆ ಎತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತ ನನ್ನನ್ನು, ನನ್ನ ಎರಡು ಜಡೆಯನ್ನು, ಅದರ ಕೆಂಪು ಟೇಪನ್ನು ನೋಡಿದ. ಆ ತುದಿಯನ್ನು ಕೈಯಲ್ಲಿ ಉಜ್ಜಿ ನೆಟ್ಟಗೆ ಮಾಡಿದ. ನಂತರ ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದ:

"ತಪ್ಪು ನಂದ್ರೀ. ಕಡೀ ಗಂಟು ನಾನ ಮರತೆ. ಶಕುನ ಗಿಕುನ ಏನಿಲ್ಲ, ಮುದುಕಗ ಮರವು ಬಂತು, ಅಷ್ಟ."

ಆಗ ಅವನಿಗೆ ಐವತ್ತೂ ಸರಿಯಾಗಿ ಆಗಿರಲಿಲ್ಲ. ಏಣಿ ಹತ್ತಿ ಅದೇ ಮೂಲೆಯನ್ನು ಮತ್ತೆ ಕಟ್ಟಿದ, ಬೀಗರ ಮುಂದೆ ಜೋತಾಡಿ ತೋರಿಸಿದ, ಅದರ ಕೆಳಗೇ ಎಲೆ ಹಾಕಿಸಿಕೊಂಡು ದೊಡ್ಡಪ್ಪನವರ ಪಕ್ಕದಲ್ಲಿ ಉಂಡ. ಮುದುಕಿಯರು ಸೆರಗಿನ ಮರೆಯಲ್ಲಿ ನಕ್ಕರು. ಮದುವೆ ಸಸೂತ್ರ ನಡೆಯಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಪಂಪಾಪತಿ ಮಾವ ಹುಟ್ಟು ಕಥೆಗಾರ. ಮನೆಯ ಪ್ರತಿ ಸಮಾರಂಭದಲ್ಲಿ ಹಂದರ ಬಿದ್ದದ್ದನ್ನು ಹೇಳುತ್ತ ಬಂದ. ವರ್ಷದಿಂದ ವರ್ಷಕ್ಕೆ ಹೋತ ದೊಡ್ಡದಾಯಿತು, ಕೊನೆಗೆ ಅದು ಎಮ್ಮೆಯಾಯಿತು. ತಾತ ಕೂತು ಕೇಳಿ ಎಲ್ಲರ ಜೊತೆ ನಗುತ್ತಿದ್ದ. ಆದರೆ ಆ ವರ್ಷದಿಂದ ಊರಿನ ಹಂದರಗಳಿಗೆ ಅವನನ್ನು ಕರೆಯುವುದು ಕಡಿಮೆಯಾಯಿತು. ಮಿಲ್ಟ್ರಿಯವರಿಗೆ ಮರವು ಅಂತ ಅವನೇ ಹೇಳಿದ್ದನಲ್ಲ, ಜನ ನಂಬಿದರು. ಎರಡು ವರ್ಷ ಬಿಟ್ಟು ರಜೆಗೆ ಹೋದಾಗ ಎದುರು ಮನೆಯ ಹಂದರವನ್ನು ಬೇರೆ ಯಾರೋ ಕಟ್ಟುತ್ತಿದ್ದರು. ತಾತ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಅವನ ಬೆರಳುಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ಆಡುತ್ತಿದ್ದವು. ಆ ದಿನ ನನಗೆ ಊಟ ಸೇರಲಿಲ್ಲ. ಅತ್ತ ಕುರೆಕುಪ್ಪದಲ್ಲಿ ಚಿಗವ್ವನಿಗೆ ಹಂದರ ಬಿದ್ದ ಮನೆಯ ಸೊಸೆ ಅಂತ ಅಡ್ಡಹೆಸರೇ ಬಿದ್ದಿತ್ತು. ಅತ್ತೆ ಮನೆಯಲ್ಲಿ ಕೈತಪ್ಪಿ ಲೋಟ ಬಿದ್ದರೂ ಅದೇ ಮಾತು.

ನಾನು ಹೇಳಲಿಲ್ಲ. ಚಿಕ್ಕವಳಿದ್ದಾಗ ಹೆದರಿ ಹೇಳಲಿಲ್ಲ, ದೊಡ್ಡವಳಾದ ಮೇಲೆ ನಾಚಿ ಹೇಳಲಿಲ್ಲ, ಟೀಚರ್ ಆದ ಮೇಲೆ ಮಕ್ಕಳಿಗೆ ನಿಜ ಹೇಳ್ರಪ್ಪ ಅಂತ ಬೋಧಿಸುವ ಕೆಲಸದಲ್ಲಿ ಪುರುಸೊತ್ತಾಗಲಿಲ್ಲ. ತಾತನೂ ಎಂದೂ ಎತ್ತಲಿಲ್ಲ. ಒಂದು ಮಾತು ಬಿಟ್ಟರೆ. ನಾನು ಯಾವಾಗ ಹೋದರೂ ಮೊದಲು ನನ್ನ ತಲೆಯ ಕಡೆ ನೋಡಿ, "ಜಡಿ ಬಿಗಿ ಐತೇನವ್ವಾ?" ಅಂತ ಕೇಳುತ್ತಿದ್ದ. ಬೇರೆಯವರು ಇದು ಮುದ್ದಿನ ಮಾತು ಅಂದುಕೊಂಡಿದ್ದರು. ಬಿಗಿ ಐತಿ ತಾತಾ ಅನ್ನುತ್ತಿದ್ದೆ, ಕಿವಿ ಬಿಸಿಯಾಗುತ್ತಿತ್ತು. ಮದುವೆಯಾಗಿ ಸಂಡೂರಿಗೆ ಬಂದ ಮೇಲೆ ತಾತ ನನ್ನ ಮನೆ ನೋಡಲು ಬಂದ. ಬಾಗಿಲಲ್ಲೇ ಅದೇ ಪ್ರಶ್ನೆ. ಆಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ತಾನು ತಂದದ್ದನ್ನು ಕಟ್ಟಿದ. ಅದಿರು ಲಾರಿಗಳ ಕೆಂಪು ಧೂಳು ಕುಡಿದು ಕುಡಿದು ಆ ಹಗ್ಗ ಈಗ ಇಟ್ಟಿಗೆಯ ಬಣ್ಣ. ಇನ್ನೂ ಜೋಲು ಬಿದ್ದಿಲ್ಲ.

ತಾತನಿಗೆ ತೊಂಬತ್ತು ದಾಟಿದ ಮೇಲೆ ಒಮ್ಮೆ ಕಣ್ಣು ತೋರಿಸಲು ಹೊಸಪೇಟೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕರಿದದ್ದು ಬೇಡ ಅಂದಿದ್ದರು, ತಾತ ಬಸ್ ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಬೇಕು ಅಂದ. ಆ ವಯಸ್ಸಿನಲ್ಲಿ ಎರಡು ಮಿರ್ಚಿ ತಿಂದು ಮೂರನೆಯದಕ್ಕೆ ಕೈ ಹಾಕಿದ. ನನಗೆ ಎಲ್ಲಿಂದ ಧೈರ್ಯ ಬಂತೋ, ತಾತಾ, ಆ ಗಂಟು ನಾನೇ ಹಾಕಿದ್ದು ಅಂದೆ. ಅಳು ಬಂದುಬಿಟ್ಟಿತು. ಸುತ್ತಲಿನವರು ಮಿರ್ಚಿಯ ಖಾರ ಅಂದುಕೊಂಡು ನೀರು ಸರಿಸಿದರು.

ತಾತ ಮಿರ್ಚಿ ಪೂರ್ತಿ ಮುಗಿಸಿದ. ಆಮೇಲೆ ಕೈ ಒರೆಸಿಕೊಂಡು ಹೇಳಿದ: "ಗಂಟು ನಿಂದು, ಖರೆ. ತೂಗಿ ನೋಡ್ಲಾರದ್ದು ಯಾರದು? ಸೇತುವಿ ಮ್ಯಾಲ ಹಂಗ ಬಿಟ್ಟಿದ್ರ ಎಷ್ಟು ಮಂದಿ ಹೋಗ್ತಿದ್ರು. ಅದಕ್ಕ ನಂದ ಅಂದೆ. ಸುಳ್ಳೇನು ಹೇಳ್ಲಿಲ್ಲ ನಾ."

ಚಿಗವ್ವನಿಗೆ ಹೇಳಲಾ ಅಂತ ಕೇಳಿದೆ. ತಾತ ತಟ್ಟೆ ಪಕ್ಕಕ್ಕೆ ಸರಿಸಿದ.

"ಹೇಳೂದಿದ್ರ ಹಿಂಗ ಮಿರ್ಚಿ ಅಂಗಡ್ಯಾಗ ಹೇಳಬ್ಯಾಡ. ಆ ಮೂಲಿ ಕಟ್ಟಿ, ಅದರ ಕೆಳಗ ಕುಂತು ಹೇಳು."

ಆಮೇಲೆ ನಾಲ್ಕು ವರ್ಷ ಇದ್ದ. ಮಳೆಗಾಲದಲ್ಲಿ ಹೊಳೆ ತುಂಬಿ ಊರ ಸೇತುವೆ ನೀರಲ್ಲಿ ಮುಳುಗಿದಾಗೆಲ್ಲ ಕೊಡೆ ಹಿಡಿದು ದಂಡೆಗೆ ಹೋಗಿ, ಯಾರೋ ತನಗೇ ವಹಿಸಿದ್ದಾರೆ ಅನ್ನುವ ಹಾಗೆ ಪರೀಕ್ಷೆ ಮಾಡಿ ಬರುತ್ತಿದ್ದ. ತೊಂಬತ್ತನಾಲ್ಕಕ್ಕೆ ಒಂದು ಮಧ್ಯಾಹ್ನ, ಮಜ್ಜಿಗೆ ಅನ್ನ ಉಂಡು ಹೊರಸಿನ ಮೇಲೆ ಮಲಗಿದವನು ಏಳಲಿಲ್ಲ. ಚಟ್ಟ ಕಟ್ಟುವಾಗ ಪಂಪಾಪತಿ ಮಾವ ಮೂರು ಸಲ ಬಿಚ್ಚಿಸಿ ಮೂರು ಸಲ ಕಟ್ಟಿಸಿದ. ಸಡಿಲಾದರೆ ಅಪ್ಪ ಎದ್ದು ಕೂತು ಬೈಯುತ್ತಾನೆ ಅಂದ. ಅಷ್ಟು ಜನ ಅಳುತ್ತಿದ್ದವರು ನಕ್ಕುಬಿಟ್ಟೆವು. ನಗುತ್ತ ನಗುತ್ತಲೇ ಕಳಿಸಿಕೊಟ್ಟೆವು.

ಬಸ್ಸು ಕಂಪ್ಲಿ ಮುಟ್ಟಿದಾಗ ಇವೆಲ್ಲ ನನ್ನ ತೊಡೆಯ ಮೇಲೆ ಹಗ್ಗದ ಜೊತೆ ಕೂತಿದ್ದವು. ರಾತ್ರಿಯಿಡೀ ಹಗ್ಗ ಬಾನಿಯಲ್ಲಿ ನೆನೆಯಿತು. ಬೆಳಿಗ್ಗೆ ಪೈಪಿನವರು ಮೂರು ಮೂಲೆಗೆ ಕ್ಲಾಂಪು ಹಾಕಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು. ನಾಲ್ಕನೆಯದಕ್ಕೆ ಮರದ ಕಂಬ ನೆಟ್ಟು, ಇದು ನಿಲ್ಲದಿದ್ದರೆ ನಮ್ಮನ್ನು ಕೇಳಬೇಡಿ ಅಂದರು. ಮಾವ ತಾನು ಕಟ್ಟುತ್ತೇನೆ ಅಂತ ಬಂದ, ಮಂಡಿ ಕೇಳಲಿಲ್ಲ. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿದೆ. ಪಕಡ್. ಚಾರ್. ಗಲಾ. ಬಾಯಲ್ಲಿ ಹೇಳುತ್ತ ಕಟ್ಟಿದೆ. ತಾಲಾ ಬಂದಾಗ ಕೈ ಒಂದು ಗಳಿಗೆ ನಿಂತಿತು. ತುದಿಯನ್ನು ಒಳಗಿಂದ ತಂದು ಎರಡು ಸುತ್ತು ಹಾಕಿ ಎಳೆದು ಕೂರಿಸಿದೆ. ಕೆಳಗೆ ಇಳಿದು, ಸ್ಟೂಲಿನ ಮೇಲೆ ನಿಂತು, ಗಳ ಹಿಡಿದು, ಎರಡೂ ಕಾಲು ಮಡಚಿದೆ. ನನ್ನ ತೂಕ ಎಷ್ಟು ಅಂತ ಹೇಳುವುದಿಲ್ಲ, ತಾತನಿಗಿಂತ ಕಡಿಮೆಯೇನಲ್ಲ. ಮದುವೆ ಹುಡುಗಿ ಮೊಬೈಲಿನಲ್ಲಿ ವಿಡಿಯೊ ಮಾಡಿದಳು. ಈಗ ಅದು ನಮ್ಮ ಬಳಗದ ಎಲ್ಲರ ಮೊಬೈಲಿನಲ್ಲಿದೆ. ನನ್ನ ಶಾಲೆಗೂ ತಲುಪಿದೆ. ಕಂಬ ಅಲ್ಲಾಡಲಿಲ್ಲ.

ಮರುದಿನ ಮೊದಲ ಪಂಕ್ತಿಗೆ ನಾನು ಬೇವಿನ ಗಿಡದ ಕಡೆಯ ಮೂಲೆಯಲ್ಲಿ ಕೂತೆ. ಚಿಗವ್ವ ಕುರೆಕುಪ್ಪದಿಂದ ಬಂದಿದ್ದಳು. ಅರವತ್ತೇಳು ವರ್ಷ, ಬಿಳಿ ಕೂದಲು, ಅದೇ ಚೂಪು ಕಣ್ಣು. ನಡುವೆ ಎರಡು ಎಲೆಯ ಜಾಗ ಖಾಲಿ ಬಿಟ್ಟು, ಪೈಪಿನ ಕಡೆಗೆ ಕೂತಿದ್ದಳು. ಆ ಮೂಲೆಯ ಕೆಳಗೆ ಅವಳು ಯಾವತ್ತೂ ಕೂರುವುದಿಲ್ಲ. ಎದುರು ಸಾಲಿನಲ್ಲಿ ಹೊಸ ಬೀಗರ ಮುಂದೆ ಮಾವ ಕಥೆ ಶುರು ಮಾಡಿಯೇಬಿಟ್ಟ: ನಮ್ಮಪ್ಪ ಮಿಲ್ಟ್ರಿಯವರು, ಕೊನೆ ಗಂಟು ಮರೆತರು, ಒಂದು ಎಮ್ಮೆ ಬಂತು. ನಾನು ಎಲೆಯ ಮುಂದೆ ಕೂತಲ್ಲೇ ಹೇಳಿದೆ. ಎಮ್ಮೆ ಅಲ್ಲ, ಹೋತ. ತಾತ ಅಲ್ಲ, ನಾನು. ಟೇಪಿನ ಗಂಟು, ಬಳೆಗಾರ, ಸುಳ್ಳು, ಎಲ್ಲ.

ಯಾರೂ ನಂಬಲಿಲ್ಲ. ಮಾವನಂತೂ ಕೈ ಬೀಸಿಬಿಟ್ಟ. "ಸುಮ್ನ ಉಣ್ಣವಾ. ಅಪ್ಪನ ಮ್ಯಾಲಿನ ಪ್ರೀತಿಗೆ ನೀ ಹಂಗ ಹೇಳ್ತಿ, ನಮಗ ತಿಳೀತೈತಿ." ಬೀಗರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಲವತ್ತೇಳು ವರ್ಷ ಬಚ್ಚಿಟ್ಟ ತಪ್ಪನ್ನು ಒಪ್ಪಿಕೊಂಡರೆ ಒಳ್ಳೆಯ ಮೊಮ್ಮಗಳು ಅನ್ನುವ ಹೆಸರು ಬಂತು. ತಾತ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಚಿಗವ್ವ ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಜಡೆ ನೋಡಿದಳು. ಅಂದು ಮದುಮಗಳಾಗಿ ಕೂತವಳು, ನನ್ನ ಕೆಂಪು ಟೇಪು ಅವಳ ಕಣ್ಣಲ್ಲೂ ಎಲ್ಲೋ ಉಳಿದಿರಬೇಕು. ಇಷ್ಟು ವರ್ಷ ಅತ್ತೆ ಮನೆಯಲ್ಲಿ ಕೇಳಿದ ಮಾತುಗಳೆಲ್ಲ ಆ ಮುಖದಲ್ಲಿ ಒಂದು ಸಲ ಹಾದು ಹೋದವು. ಬೈದರೆ ಬೈಯಲಿ ಅಂತ ನಾನು ತಲೆ ತಗ್ಗಿಸಿದೆ.

"ನಮ್ಮಪ್ಪಗ ಮರವು ಇರ್ಲಿಲ್ಲ ಹಂಗಾರ" ಅಂದಳು ನಿಧಾನವಾಗಿ.

"ಇರ್ಲಿಲ್ಲ ಚಿಗವ್ವಾ."

ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ತಲೆ ಎತ್ತಿ ಕಂಬವನ್ನು, ಹಗ್ಗವನ್ನು ನೋಡಿದಳು. ನಂತರ ಕೇಳಿದಳು, ಅಪ್ಪನ ದನಿಯೇ:

"ತಾಲಾ ಹಾಕೀಯೇನು?"

"ಹಾಕೀನಿ" ಅಂದೆ.

ಚಿಗವ್ವ ಬಡಿಸಿದ ಎಲೆಯನ್ನು ಎರಡೂ ಕೈಯಲ್ಲಿ ಹುಷಾರಾಗಿ ಎಳೆದುಕೊಂಡು, ಸಾರು ಚೆಲ್ಲದಂತೆ ಒಂದೊಂದೇ ಗೇಣು ಸರಿಯುತ್ತ ಬಂದು, ಮೂಲೆಯ ಕೆಳಗೆ ನನ್ನ ಪಕ್ಕದಲ್ಲಿ ಕೂತಳು. ಮತ್ತೆ ಮೇಲೆ ನೋಡಲಿಲ್ಲ. ಹೋಳಿಗೆ ಬಂತು. ತುಪ್ಪದವರು ಮುಂದೆ ಹೋಗಿಬಿಡುತ್ತಾರೆ ಅಂತ ಇಬ್ಬರೂ ಒಟ್ಟಿಗೆ ಕೈ ಚಾಚಿದೆವು.